ಮೌನವು ಸಮ್ಮತಿಯಲ್ಲ

ಮನೆಯಲ್ಲಿ ರೋಗಿಯೊಬ್ಬರು ಮಲಗಿದ್ದಾರೆ. ಆಸ್ಪತ್ರೆಯ ವರದಿಗಾಗಿ ಎಲ್ಲರೂ ಕಾಯುತ್ತಿದ್ದಾರೆ. ಆಗ ದೂರವಾಣಿಯ ಕರೆಗಂಟೆ ಮೊಳಗುತ್ತದೆ. ವೃದ್ಧೆಯೊಬ್ಬಳು ಊರುಗೋಲು ಹಿಡಿದು ಎದ್ದು ಬಂದು ಕಿವಿಗೊಟ್ಟರೆ ಅತ್ತಲಿಂದ ಕೇಳಿಬರುವುದು ಮನುಷ್ಯನ ಮಾತಲ್ಲ, ಮೊದಲೇ ಮುದ್ರಿಸಿಟ್ಟ ಧ್ವನಿ. ಸಾಲ ಬೇಕೆ, ನಿವೇಶನ ಬೇಕೆ, ವಿಮೆ ಬೇಕೆ ಎಂದು ಅದು ವಿಚಾರಿಸುತ್ತದೆ. ಬೇಡವೆಂದು ಹೇಳೋಣವೆಂದರೆ ಕೇಳಿಸಿಕೊಳ್ಳುವವರು ಅತ್ತ ಯಾರೂ ಇಲ್ಲ. ಇದನ್ನು ಸಣ್ಣ ಕಿರುಕುಳವೆಂದು ತಳ್ಳಿಹಾಕುವವರು ಕಷ್ಟದಲ್ಲಿರುವ ಮನೆಯೊಳಗಿದ್ದು ಆ ಗಂಟೆಯನ್ನು ಕೇಳಿದವರಲ್ಲ.

ಸರ್ಕಾರವು ಕೈಕಟ್ಟಿ ಕುಳಿತಿದೆ ಎಂದು ಹೇಳಿದರೆ ಅನ್ಯಾಯವಾದೀತು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2007ರಲ್ಲಿ ‘ಕರೆ ಬೇಡ’ ಎನ್ನುವವರ ರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿತು. 2010ರಲ್ಲಿ ಮತ್ತು 2018ರಲ್ಲಿ ಹೊಸ ನಿಯಮಾವಳಿಗಳು ಬಂದವು. ನೋಂದಾಯಿಸಿಕೊಳ್ಳದೆ ಪ್ರಚಾರದ ಕರೆ ಮಾಡುವವರ ಸಂಪರ್ಕಗಳನ್ನು ಕಡಿದು, ಅವರನ್ನು 2 ವರ್ಷಗಳವರೆಗೆ ಕಪ್ಪುಪಟ್ಟಿಗೆ ಸೇರಿಸಬೇಕೆಂದು 2024ರ ಆಗಸ್ಟ್‌ನಲ್ಲಿ ಆದೇಶವಾಯಿತು. 2025ರ ಫೆಬ್ರವರಿಯ ತಿದ್ದುಪಡಿಯು ದೂರು ಕೊಡುವ ಅವಧಿಯನ್ನು 3 ದಿನಗಳಿಂದ 7 ದಿನಗಳಿಗೆ ಹಿಗ್ಗಿಸಿತು. ನೋಂದಣಿಯಿಲ್ಲದ ಕರೆಗಾರರ ಮೇಲೆ ಕ್ರಮ ಕೈಗೊಳ್ಳುವ ಅವಧಿಯನ್ನು 30 ದಿನಗಳಿಂದ 5 ದಿನಗಳಿಗೆ ಇಳಿಸಿತು. ಇವೆಲ್ಲ ಸ್ವಾಗತಾರ್ಹ.

ಆದರೆ ದೋಷವಿರುವುದು ತಳಹದಿಯಲ್ಲಿ. ನೋಂದಾಯಿತ ಪ್ರಚಾರಕರ ಕರೆಗಳಿಂದ, ಬೇಡವೆಂದು ನೋಂದಾಯಿಸಿದವನಿಗೆ ಮಾತ್ರ ರಕ್ಷಣೆ. ನೋಂದಾಯಿಸದವನು ಒಪ್ಪಿದವನೆಂದೇ ಎಣಿಕೆ. ನಿಯಮವನ್ನೇ ಅರಿಯದ ವೃದ್ಧರ, ಅಕ್ಷರ ಬಾರದವರ ಮೌನವು ಇಲ್ಲಿ ಸಮ್ಮತಿಯಾಗಿಬಿಡುತ್ತದೆ. ಬಾಗಿಲಿಗೆ ‘ಪ್ರವೇಶವಿಲ್ಲ’ ಎಂಬ ಫಲಕ ಹಾಕದ ಮನೆಯೊಳಗೆ ಯಾರು ಬೇಕಾದರೂ ನುಗ್ಗಬಹುದೆಂದು ಯಾವ ನ್ಯಾಯಶಾಸ್ತ್ರ ಹೇಳುತ್ತದೆ?

ಅಮೆರಿಕದಲ್ಲಿ 1991ರ ಕಾಯಿದೆಯು ಇದಕ್ಕೆ ಬೇರೊಂದು ತತ್ತ್ವವನ್ನು ಅಂಗೀಕರಿಸಿತು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಯಾಂತ್ರಿಕ ಧ್ವನಿಯ ಕರೆ ಮಾಡುವವನು ಮೊದಲು ಅನುಮತಿ ಪಡೆಯಬೇಕು. ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ಧ್ವನಿಗೂ ಇದೇ ನಿರ್ಬಂಧ ಅನ್ವಯಿಸುತ್ತದೆಂದು 2024ರ ಫೆಬ್ರವರಿಯಲ್ಲಿ ಅಲ್ಲಿನ ಸಂಪರ್ಕ ಆಯೋಗ ಸ್ಪಷ್ಟಪಡಿಸಿತು. ಅಲ್ಲಿಯೂ ಪಿಡುಗು ಅಳಿದಿಲ್ಲ. ಆದರೆ ತಪ್ಪಿತಸ್ಥನಾರೆಂಬುದರಲ್ಲಿ ಸಂದೇಹವಿಲ್ಲ. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಭಾರತದ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಒಪ್ಪಿಗೆ ಎಂಬುದು ಸ್ವತಂತ್ರವಾಗಿರಬೇಕು, ಸ್ಪಷ್ಟ ಕ್ರಿಯೆಯಿಂದ ವ್ಯಕ್ತವಾಗಬೇಕು ಎನ್ನುತ್ತದೆ. ಹೆಸರು ಮತ್ತು ವಿಳಾಸಗಳಿಗೆ ಸಲ್ಲುವ ಈ ಮಾನದಂಡವು ಮನೆಯ ನೆಮ್ಮದಿಗೆ ಏಕೆ ಸಲ್ಲಬಾರದು?

‘ಬೇಡವಾದರೆ ಕರೆ ಕಡಿದುಬಿಡಿ, ವ್ಯಾಪಾರಕ್ಕೆ ಪ್ರಚಾರ ಬೇಡವೆ?’ ಎಂದು ವಾದಿಸುವವರುಂಟು. ಹಿಂದೆ ಮನೆಮನೆಗೆ ಬರುತ್ತಿದ್ದ ಮಾರಾಟಗಾರನು ಅಂಗಳದಲ್ಲಿ ಸಾವಿನ ಸೂತಕ ಕಂಡರೆ ತಲೆತಗ್ಗಿಸಿ ಹಿಂದಿರುಗುತ್ತಿದ್ದನು. ಅವನಿಗೂ ನಡೆದ ದಣಿವಿತ್ತು, ಕಳೆದ ಹೊತ್ತಿತ್ತು. ಯಂತ್ರಕ್ಕೆ ದಣಿವಿಲ್ಲ, ಕಣ್ಣಿಲ್ಲ, ಕರುಣೆಯಿಲ್ಲ; ಅದು ಏಕಕಾಲಕ್ಕೆ ಸಾವಿರಾರು ಮನೆಗಳನ್ನು ಕರೆಯಬಲ್ಲದು. ಲಾಭ ಕರೆದವನಿಗೆ, ನಷ್ಟ ಕೇಳಿದವನಿಗೆ. ಇನ್ನೂ ಘೋರವಾದ ಸಂಗತಿಯೆಂದರೆ, ಇದೇ ಹಾದಿಯಲ್ಲಿ ವಂಚಕರೂ ಬರುತ್ತಾರೆ. ‘ನಿಮ್ಮ ಸಂಖ್ಯೆ ಸ್ಥಗಿತವಾಗಲಿದೆ’ ಎಂದು ಪ್ರಾಧಿಕಾರದ ಹೆಸರಿನಲ್ಲಿಯೇ ಮುದ್ರಿತ ಧ್ವನಿಗಳು ಬೆದರಿಸತೊಡಗಿದಾಗ, ಅಂತಹ ಕರೆಗಳು ತನ್ನವಲ್ಲವೆಂದು ಪ್ರಾಧಿಕಾರವೇ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು.

ಕೊಡದಿರುವುದನ್ನು ತೆಗೆದುಕೊಳ್ಳುವುದಕ್ಕೆ ಶ್ರಾವಕಾಚಾರದಲ್ಲಿ ಅದತ್ತಾದಾನವೆಂದು ಹೆಸರು. ಪರರ ಸಮಯವನ್ನೂ ಶಾಂತಿಯನ್ನೂ ಕೇಳದೆ ಕಸಿಯುವುದು ಅದಕ್ಕಿಂತ ಬೇರೆಯೇನಲ್ಲ. ಅಚೌರ್ಯಾಣುವ್ರತದ ಅತಿಚಾರಗಳನ್ನು ಬಲ್ಲ ವ್ಯಾಪಾರಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕರೆಯ ಕೆಲಸವನ್ನು ಏಜೆನ್ಸಿಗೆ ಗುತ್ತಿಗೆ ಕೊಟ್ಟು ‘ತಾನು ಕರೆ ಮಾಡಲಿಲ್ಲ’ ಎನ್ನುವವನಿಗೆ ಸ್ತೇನಪ್ರಯೋಗ, ಅಂದರೆ ಕಳವಿಗೆ ಪ್ರೇರಣೆಯ ದೋಷವಿದೆ. ಎಲ್ಲಿಂದಲೋ ಸೋರಿಬಂದ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಕೊಳ್ಳುವವನಿಗೆ ತದಾಹೃತಾದಾನದ, ಎಂದರೆ ಕದ್ದ ಮಾಲನ್ನು ಸ್ವೀಕರಿಸಿದ ದೋಷವಿದೆ. ರಾಜನಿಯಮವನ್ನು ಮೀರುವ ದೋಷವಂತೂ ಸ್ಪಷ್ಟವಾಗಿಯೇ ಇದೆ.

ಬಸದಿಗಳ ಟ್ರಸ್ಟ್‌ಗಳೂ ಇದರಿಂದ ಹೊರತಲ್ಲ. ದಾನಿಯೊಬ್ಬನು ರಸೀದಿಗಾಗಿ ಕೊಟ್ಟ ಸಂಖ್ಯೆಯು ಟ್ರಸ್ಟ್‌ನಲ್ಲಿಟ್ಟ ನ್ಯಾಸ. ಅದನ್ನು ಪಂಚಕಲ್ಯಾಣ ಮಹೋತ್ಸವದ ಪ್ರಾಯೋಜಕರಿಗೆ ಹಸ್ತಾಂತರಿಸುವ ಅಧಿಕಾರ ಯಾವ ಆಡಳಿತ ಮಂಡಳಿಗೂ ಇಲ್ಲ. ಉತ್ಸವದ ಆಹ್ವಾನವೇ ಆದರೂ, ಕೇಳದವರ ಕಿವಿಗೆ ಯಂತ್ರದಿಂದ ತುಂಬುವುದು ಧರ್ಮಪ್ರಭಾವನೆ ಎನಿಸದು.

ಗ್ರಾಹಕರು 1909 ಸಂಖ್ಯೆಯಲ್ಲಿ ತಮ್ಮ ನಿರಾಕರಣೆಯನ್ನು ನೋಂದಾಯಿಸಬೇಕು, ತಪ್ಪದೆ ದೂರು ಕೊಡಬೇಕು. ಮನೆಯ ಕಿರಿಯರು ಹಿರಿಯರಿಗಾಗಿ ಈ ಕೆಲಸ ಮಾಡಿಕೊಡಬೇಕು. ಆದರೆ ಕಳವಾದ ಮನೆಯವನೇ ಪ್ರತಿದಿನ ಕಾವಲು ಕಾಯಬೇಕೆಂಬುದು ನ್ಯಾಯವಲ್ಲ. ಮೊದಲು ಒಪ್ಪಿಗೆ, ಆಮೇಲೆ ಕರೆ; ಮಾಡಿದವನಷ್ಟೇ ಅಲ್ಲದೆ ಮಾಡಿಸಿದವನಿಗೂ ದಂಡ. ಈ ಎರಡು ಮಾತುಗಳು ನಿಯಮವಾಗುವವರೆಗೆ ಗ್ರಾಹಕರ ಸಂಘಗಳೂ ಸಮಾಜದ ಸಂಸ್ಥೆಗಳೂ ಪ್ರಾಧಿಕಾರವನ್ನು ಒತ್ತಾಯಿಸುತ್ತಲೇ ಇರಬೇಕು. ನಿಯಮ ಬರುವ ಮೊದಲೇ ತನ್ನ ಅಂಗಡಿಯಲ್ಲಿ ಅದನ್ನು ಪಾಲಿಸುವವನೇ ನಿಜವಾದ ವ್ರತಿ.