ಸಣ್ಣ ಬಜೆಟ್ಟಿನ ಮನೆಗೆ ಊರಿನ ಸರಕೇ ಸಾಕೇ?

ಕೊಡಗಿನ ಹಾರಂಗಿ ಜಲಾಶಯದ ಸುತ್ತಲಿನ ಊರುಗಳಲ್ಲಿ ಸಾಲ ಸೋಲ ಮಾಡಿ ಮನೆ ಮುಗಿಸಿದವರ ಕೈಯಲ್ಲಿ ಒಳಗಿನ ಅಂದಕ್ಕೆಂದು ಉಳಿಯುವುದು ಅಷ್ಟಿಷ್ಟು ಹಣ. ಅದರಲ್ಲಿ ಬಿದಿರು, ಕಾಫಿ ಮರ, ಹಳೆ ಸೀರೆ, ಕೆಮ್ಮಣ್ಣಿನಿಂದಲೇ ಮನೆ ಸಿಂಗರಿಸಬೇಕೇ? ಕುಶಾಲನಗರದ ಅಂಗಡಿಯಿಂದ ಸಿದ್ಧ ವಸ್ತು ತರುವುದು ಮೇಲೇ?

ಪರ: ಕಣ್ಣೆದುರಿಗಿದ್ದುದನ್ನು ಬಿಟ್ಟು ಅಂಗಡಿಗೇಕೆ?

ಕೊಡಗಿನಲ್ಲಿ ಅಲಂಕಾರದ ಸಾಮಗ್ರಿ ತೋಟದಲ್ಲೇ ಇದೆ. ಹಳೆಯ ಕಾಫಿ ಗಿಡ ಕಿತ್ತಾಗ ಬುಡವನ್ನು ಸೌದೆಗೆ ಹಾಕುತ್ತೇವೆ. ಅದೇ ಬುಡದ ತೊಗಟೆ ಸುಲಿದು, ನೆರಳಲ್ಲಿ ಒಣಗಿಸಿ, ಉಜ್ಜಿ, ಮೇಲೊಂದು ಗಾಜು ಕೂರಿಸಿದರೆ ಟೀಪಾಯಿ ಸಿದ್ಧ. ಕಾಫಿ ಮರ ಗಟ್ಟಿ; ಪ್ಲೈವುಡ್‌ನ ಹಾಗೆ ನೀರು ತಾಗಿದೊಡನೆ ಪದರ ಬಿಡುವುದಿಲ್ಲ.

ಬಿದಿರಿಗೂ ಈಗ ದಾರಿ ಸುಗಮ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ‘ಮರ’ದ ಪಟ್ಟಿಯಿಂದ ಬಿದಿರನ್ನು ಕೈಬಿಡಲಾಯಿತು. ನಮ್ಮದೇ ಜಮೀನಿನ ಬಿದಿರನ್ನು ಬಳಸಲು ಹಿಂದಿನಷ್ಟು ತೊಡಕಿಲ್ಲ. ಬುಟ್ಟಿ ಹೆಣೆಯುವ ಮೇದರ ಕೈಯಲ್ಲಿ ಅದು ದೀಪದ ಬುಟ್ಟಿಯಾಗುತ್ತದೆ, ಕಿಟಕಿಯ ತಟ್ಟಿಯಾಗುತ್ತದೆ. ಕೊಟ್ಟ ಹಣವೂ ಊರಲ್ಲೇ ಉಳಿಯುತ್ತದೆ.

ಹಳೆಯ ನೂಲಿನ ಸೀರೆಗಳಿದ್ದರೆ ಕೌದಿ ಇದೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಬಟ್ಟೆ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಹೊಲಿಯುತ್ತಾ ಬರುತ್ತಾರೆ. ಅಂಥದೊಂದನ್ನು ದಿವಾನದ ಮೇಲೆ ಹಾಸಿದರೆ ಕೋಣೆಯ ಬಣ್ಣವೇ ಬದಲಾಗುತ್ತದೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಇದಕ್ಕೆ ಬೇಕಾದುದು ಹಣವಲ್ಲ, ಅಭಿರುಚಿ. ಅಂಗಡಿಯ ಪ್ಲಾಸ್ಟಿಕ್ ಹೂವು ವರ್ಷದೊಳಗೆ ಧೂಳು ಹಿಡಿದು ತಿಪ್ಪೆ ಸೇರುತ್ತದೆ. ಹಿತ್ತಲಿನ ಜರಿಗಿಡವನ್ನೋ ಆಂಥೂರಿಯಮ್ಮನ್ನೋ ಕುಂಡದಲ್ಲಿಟ್ಟರೆ ಅದು ವರ್ಷವರ್ಷವೂ ಬೆಳೆಯುತ್ತದೆ.

ವಿರೋಧ: ದುಡಿಯುವವರ ಸಮಯಕ್ಕೆ ಬೆಲೆಯಿಲ್ಲವೇ?

ಊರಿನ ಸರಕು ಅಗ್ಗ ಎನ್ನುವವರು ಶ್ರಮವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೆಳಿಗ್ಗೆ ತೋಟದ ಕೆಲಸಕ್ಕೆ ಹೊರಟು ಸಂಜೆ ಮನೆ ಸೇರುವ ಹೆಂಗಸಿಗೆ ಕೌದಿ ಹೊಲಿಯಲು ಬಿಡುವೆಲ್ಲಿದೆ? ತೋಟದ ಲೈನ್ ಮನೆಯಲ್ಲಿ ಇರುವವರು ಗೋಡೆಗೊಂದು ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು.

ಬಿದಿರನ್ನು ಕಡಿದು ತಂದೊಡನೆ ಬಳಸುವಂತಿಲ್ಲ. ಅದರೊಳಗಿನ ಪಿಷ್ಟಕ್ಕೆ ಕುಟ್ಟೆ ಹುಳು ಬೀಳುತ್ತದೆ. ಕೆಲವೇ ತಿಂಗಳಲ್ಲಿ ತಟ್ಟಿಯ ಕೆಳಗೆ ಹಿಟ್ಟಿನಂಥ ಪುಡಿ ಉದುರತೊಡಗುತ್ತದೆ. ಹಾಗಾಗಬಾರದೆಂದರೆ ಚಳಿಗಾಲದಲ್ಲಿ ಕಡಿದು ವಾರಗಟ್ಟಲೆ ನೀರಲ್ಲಿ ನೆನೆಹಾಕಬೇಕು, ಇಲ್ಲವೇ ಬೊರಾಕ್ಸ್ ಮತ್ತು ಬೋರಿಕ್ ಆ್ಯಸಿಡ್ ದ್ರಾವಣದಲ್ಲಿ ಅದ್ದಬೇಕು. 2017ರ ತಿದ್ದುಪಡಿಯೂ ಅರಣ್ಯದ ಬಿದಿರಿಗೆ ಅನ್ವಯಿಸುವುದಿಲ್ಲ. ಜಮೀನಿಲ್ಲದವರಿಗೆ ಅದರಿಂದ ಏನು ಬಂತು?

ಇನ್ನು ಮಳೆ. ಜೂನ್, ಜುಲೈನಲ್ಲಿ ತೊಳೆದ ಕೌದಿ ಒಣಗುವುದಿಲ್ಲ, ಬುಟ್ಟಿಗಳಿಗೆ ಬೂಷ್ಟು ಹಿಡಿಯುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ನದಿ ಬದಿಯ ಬಡಾವಣೆಗಳಿಗೆ ನುಗ್ಗಿತು. ಅಂಥ ಕಡೆ ಕೆಸರು ತೊಳೆದು ಮತ್ತೆ ಬಳಸಲು ಬರುವುದು ಪ್ಲಾಸ್ಟಿಕ್ ಕುರ್ಚಿ, ಪ್ಲಾಸ್ಟಿಕ್ ಚಾಪೆಗಳೇ. ಕಡಿಮೆ ಬೆಲೆಗೆ ಸಿಕ್ಕಿ, ಒರೆಸಿದರೆ ಸ್ವಚ್ಛವಾಗುವ ವಸ್ತುವನ್ನು ಕೊಂಡ ಬಡವರಿಗೆ ಅಭಿರುಚಿಯಿಲ್ಲ ಎನ್ನುವುದು ತಪ್ಪು.

ಕೊನೆಯ ಮಾತು

ಎರಡೂ ವಾದಗಳು ಒಪ್ಪಬೇಕಾದ ಸಂಗತಿ ಒಂದಿದೆ: ಸೋರುವ ಸೂರಿನ ಕೆಳಗೆ ಯಾವ ಸಿಂಗಾರವೂ ನಿಲ್ಲದು. ಮೊದಲ ಹಣ ಹೆಂಚಿಗೆ, ಗೋಡೆಯ ಬಿರುಕಿಗೆ ಹೋಗಲಿ. ಎರಡನೆಯದು ಸುಣ್ಣಕ್ಕೆ. ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ, ಬೇಗನೆ ಬೂಷ್ಟು ಹಿಡಿಯುವುದಿಲ್ಲ, ಮಂಕು ಕೋಣೆಗೂ ಬೆಳಕು ಕೊಡುತ್ತದೆ. ದಿನಬಳಕೆಯ ವಸ್ತುಗಳನ್ನು ಅಂಗಡಿಯಿಂದ ತಂದರೆ ತಪ್ಪೇನಿಲ್ಲ. ಆದರೆ ಕಣ್ಣು ನಿಲ್ಲುವಂಥ ಒಂದೇ ಒಂದು ವಸ್ತು ಈ ನೆಲದ್ದಾಗಿರಲಿ. ಹುತ್ತರಿ ಹಬ್ಬಕ್ಕೆ ಮನೆ ಸಾರಿಸಿ ಸುಣ್ಣ ಬಳಿಯುವ ಹೊತ್ತಿಗೆ ಮೇದರಿಂದ ಒಂದು ಬುಟ್ಟಿ ಕೊಳ್ಳಿ, ಚೌಕಾಸಿ ಮಾಡದೆ ಕೊಳ್ಳಿ.