ನಾಲ್ಕನೇ ಚಕ್ರ ಬೇಡ ಮಗಾ

1/7

ಹಾಸನದ ಚನ್ನರಾಯಪಟ್ಟಣ ಅಲ್ಲ ಫ್ರೆಂಡ್ಸ್, ನಮ್ಮದು. ದೇವನಹಳ್ಳಿ ತಾಲ್ಲೂಕು. ಪ್ರತೀ ಸಲ ಯಾರಾದ್ರೂ ಕೇಳ್ತಾರೆ, ಅದಕ್ಕೆ ಮೊದಲೇ ಹೇಳ್ಬಿಟ್ಟೆ.

ಫೋಟೋದಲ್ಲಿ ಕಾಣೋದು ಒಂದು ತಗಡಿನ ಶೆಡ್. ಎಡಗಡೆ ಟ್ರಾಕ್ಟರ್ ಟ್ರೈಲರ್. ಬಲಗಡೆ ಗೋಡೆಗೆ ಒರಗಿಸಿರೋದು ಹಳೇ ರೇಷ್ಮೆ ಚಂದ್ರಿಕೆಗಳು. ಮಧ್ಯ ಉಳಿದ ಜಾಗದಲ್ಲಿ ನಮ್ಮ ಕ್ಲಾಸಿನ ಮೂವರು. ಒಬ್ಬ ಗಿಟಾರ್, ಒಬ್ಬ ಬೇಸ್, ಒಬ್ಬಳು ಡ್ರಮ್ಸ್. ಹೆಸರು ಹಾಕ್ಬೇಡ ಅಂದಿದಾರೆ, ಮೂವರಲ್ಲಿ ಒಬ್ಬರ ಮನೇಲಿ ಇನ್ನೂ ಗೊತ್ತಿಲ್ಲ 🤫

ಹೋದ ವಾರ ಇವರು ಒಂದು ಫೆಸ್ಟ್‌ಗೆ ಆಡಿಷನ್ ಕೊಟ್ರು. ಎಲ್ಲಿ ಅಂತ ಬೇಡ ಬಿಡಿ. ನುಡಿಸಿ ಮುಗಿಸಿದ ಮೇಲೆ ಬಂದ ಮಾತು ಇದು: ಎನರ್ಜಿ ಸೂಪರ್, ಆದ್ರೆ ಸೌಂಡು ಖಾಲಿ ಖಾಲಿ. ಒಂದು ಕೀಬೋರ್ಡ್ ಸೇರಿಸ್ಕೊಳ್ಳಿ, ಇಲ್ಲಾಂದ್ರೆ ಹಿಂದೆ ಟ್ರ್ಯಾಕ್ ಹಾಕ್ಕೊಳ್ಳಿ. ಎರಡು ಸಿನಿಮಾ ಹಾಡೂ ಇರ್ಲಿ.

ಅವತ್ತಿಂದ ನಮ್ಮ ಗ್ರೂಪಲ್ಲಿ ಇದೇ ಜಗಳ. ಅರ್ಧ ಜನ ಸೇರಿಸ್ಕೊಳ್ಳಿ ಅಂತಾರೆ, ಅರ್ಧ ಜನ ಬೇಡ ಅಂತಾರೆ. ಭಾನುವಾರದೊಳಗೆ ಅವರು ಡಿಸೈಡ್ ಮಾಡ್ಬೇಕು. ನನ್ನ ಅಭಿಪ್ರಾಯ ಒಂದು ಕಾಮೆಂಟಲ್ಲಿ ಹಿಡಿಸಲ್ಲ, ಅದಕ್ಕೇ ಏಳು ಪೋಸ್ಟ್. ಓದಿ, ಆಮೇಲೆ ಬೈಯಿರಿ.

2/7

ಮೊದಲು ಒಂದು ಪ್ರಶ್ನೆ. ಮೂರೇ ಜನ ನುಡಿಸಿದ್ರೆ ಅಷ್ಟು ಎನರ್ಜಿ ಎಲ್ಲಿಂದ ಬರುತ್ತೆ?

ವಾಲ್ಯೂಮ್‌ನಿಂದ ಅಂತ ಎಲ್ಲರೂ ಅಂದ್ಕೊಂಡಿದಾರೆ. ಅಲ್ಲ. ಬಚ್ಚಿಟ್ಟುಕೊಳ್ಳೋಕೆ ಜಾಗ ಇಲ್ಲದೇ ಇರೋದ್ರಿಂದ ಬರುತ್ತೆ.

ಐದು ಜನರ ಬ್ಯಾಂಡಲ್ಲಿ ಒಬ್ಬ ಸೋಲೋ ನುಡಿಸಿದಾಗ ಇನ್ನೊಬ್ಬ ಕಾರ್ಡ್ಸ್ ಹಿಡ್ಕೊಂಡಿರ್ತಾನೆ, ಕೀಬೋರ್ಡ್ ಗ್ಯಾಪ್ ತುಂಬ್ತಿರುತ್ತೆ. ಮೂವರಿದ್ರೆ? ಗಿಟಾರ್‌ನವನು ಸೋಲೋಗೆ ಹೋದ ತಕ್ಷಣ ಕಾರ್ಡ್ಸ್ ಮಾಯ. ಆಗ ಇಡೀ ಹಾಡಿನ ನೆಲ ಬೇಸ್‌ನವನ ಕೈಲಿ. ಅವನು ನಿಂತ ಜಾಗದಲ್ಲೇ ನಿಂತ್ರೆ ಹಾಡು ಬಿದ್ದೋಗುತ್ತೆ, ಅದಕ್ಕೆ ಓಡ್ತಾನೆ. ಡ್ರಮ್ಮರ್ ಸಿಂಬಲ್ ತೆರೆದುಬಿಟ್ಟು ಮೇಲಿನ ಜಾಗ ತುಂಬ್ತಾಳೆ. ಒಬ್ಬರು ಬಿಟ್ಟಿದ್ದನ್ನ ಇನ್ನೊಬ್ಬರು ಎತ್ಕೋತಾರೆ. ನಮಗೆ ಎನರ್ಜಿ ಅಂತ ಕೇಳ್ಸೋದು ಈ ಓಡಾಟ.

ಇನ್ನೊಂದು ಗುಟ್ಟು. ಗ್ಯಾರೇಜ್ ರಾಕ್‌ನಲ್ಲಿ ಗಿಟಾರ್ ಹೆಚ್ಚಾಗಿ ನುಡಿಸೋದು ಪವರ್ ಕಾರ್ಡ್. ಅದರಲ್ಲಿರೋದು ಎರಡೇ ಸ್ವರ, ಷಡ್ಜ ಮತ್ತು ಪಂಚಮ. ಗಾಂಧಾರ ಇಲ್ಲ. ಯಾಕಂದ್ರೆ ಆಂಪ್ಲಿಫೈಯರ್‌ನ ಅದರ ಶಕ್ತಿ ಮೀರಿ ಒತ್ತಿದಾಗ ಸದ್ದಿನ ಅಲೆಯ ತಲೆ ಕತ್ತರಿಸಿ ಹೋಗುತ್ತೆ, ಇಲ್ಲದ ಸ್ವರಗಳೆಲ್ಲ ಹುಟ್ಕೊಳ್ಳುತ್ತವೆ. ಅದರ ಮೇಲೆ ಗಾಂಧಾರವೂ ಸೇರಿದ್ರೆ ಕೆಸರು. ಸ-ಪ ಮಾತ್ರ ಆದ್ರೆ ಒರಟಾಗಿದ್ರೂ ನೆಟ್ಟಗೆ ನಿಲ್ಲುತ್ತೆ.

ಸ-ಪ ಅಂದ್ರೆ ಏನ್ ನೆನಪಾಗುತ್ತೆ? ತಂಬೂರಿ! ಕಚೇರಿಯಲ್ಲಿ ಹಿಂದೆ ಕೂತು ಮೀಟ್ತಾರಲ್ಲ, ಅದೇ. ಸಿಟ್ಟು ಬಂದ ತಂಬೂರಿ ಅನ್ಕೊಳ್ಳಿ 😄

3/7

ಗ್ಯಾರೇಜ್ ಅನ್ನೋ ಹೆಸರು ಎಲ್ಲಿಂದ ಬಂತು?

1960ರ ದಶಕದ ಅಮೆರಿಕದಲ್ಲಿ ನಮ್ಮ ವಯಸ್ಸಿನ ಹುಡುಗರು ಅಪ್ಪನ ಕಾರು ಹೊರಗೆ ನಿಲ್ಲಿಸಿ ಒಳಗೆ ಪ್ರಾಕ್ಟೀಸ್ ಮಾಡ್ತಿದ್ರು. ಅಗ್ಗದ ಗಿಟಾರ್, ಮೂರು ಕಾರ್ಡ್, ಅಷ್ಟೆ. 1963ರಲ್ಲಿ ಕಿಂಗ್ಸ್‌ಮೆನ್ ಅನ್ನೋ ಬ್ಯಾಂಡ್ 'ಲೂಯಿ ಲೂಯಿ' ರೆಕಾರ್ಡ್ ಮಾಡ್ತು. ಹಾಡೋನ ಮಾತು ಒಂದೂ ಸರಿಯಾಗಿ ಕೇಳಲ್ಲ. ಅದರಲ್ಲಿ ಅಶ್ಲೀಲ ಇದೆ ಅಂತ ದೂರು ಹೋಗಿ, ಎಫ್‌ಬಿಐನವರೇ ತನಿಖೆ ಮಾಡಿದ್ರು. ಕೊನೆಗೆ ಏನಂದ್ರು ಗೊತ್ತಾ? ಯಾವ ಸ್ಪೀಡಲ್ಲಿ ಕೇಳಿದ್ರೂ ಅರ್ಥ ಆಗ್ತಿಲ್ಲ ಅಂತ. ನಮ್ಮ ಅಜ್ಜಿ ಈ ಶೆಡ್ ಹೊರಗೆ ಎರಡೇ ನಿಮಿಷ ನಿಂತು ಕೊಟ್ಟ ತೀರ್ಪೂ ಅದೇ.

1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ಬ್ಯಾಂಡಿನ ಡೇವ್ ಡೇವೀಸ್‌ಗೆ ತನ್ನ ಗಿಟಾರ್ ಸದ್ದು ತುಂಬಾ ಸಾಧು ಅನ್ನಿಸ್ತು. ಬ್ಲೇಡ್ ತಗೊಂಡು ಸ್ಪೀಕರ್ ಕಾಗದವನ್ನೇ ಸೀಳಿಬಿಟ್ಟ. ಆ ಹರಿದ ಸದ್ದಲ್ಲೇ ಹಾಡು ಹಿಟ್ ಆಯ್ತು.

ಆಮೇಲೆ ನಿರ್ವಾಣ. 'ಬ್ಲೀಚ್' ಅನ್ನೋ ಮೊದಲ ಆಲ್ಬಮ್, 1989. ಖರ್ಚು 606 ಡಾಲರ್ 17 ಸೆಂಟ್, ಆ ಲೆಕ್ಕವನ್ನ ಕವರ್ ಮೇಲೇ ಅಚ್ಚು ಹಾಕಿದಾರೆ. ಕವರಲ್ಲಿ ನಾಲ್ಕು ಜನರಿದ್ದಾರೆ, ಆದ್ರೆ ನಾಲ್ಕನೆಯವನು ಜೇಸನ್ ಎವರ್‌ಮನ್ ಆ ಆಲ್ಬಮಲ್ಲಿ ಒಂದು ಸ್ವರಾನೂ ನುಡಿಸಿಲ್ಲ. ಸ್ಟುಡಿಯೋ ದುಡ್ಡು ಕೊಟ್ಟ, ಥ್ಯಾಂಕ್ಸ್ ಅಂತ ಹೆಸರು ಹಾಕಿದ್ರು. ನಮ್ಮವರಿಗೂ ಇಂಥ ನಾಲ್ಕನೆಯವನು ಸಿಕ್ಕಿದ್ರೆ ಕಣ್ಣು ಮುಚ್ಚಿ ಸೇರಿಸ್ಕೊಳ್ಳಿ, ನಂದೇನೂ ತಕರಾರಿಲ್ಲ 😂

ನಮ್ಮ ದೇಶದಲ್ಲೂ ಇದೆಲ್ಲ ಆಗಿದೆ. ಸಿಮ್ಲಾ ಅನ್ನೋ ಸಿಗರೇಟ್ ಹೆಸರಲ್ಲಿ ಬ್ಯಾಂಡ್‌ಗಳ ಸ್ಪರ್ಧೆ ನಡೀತಿತ್ತು. 1970 ಮತ್ತು 1971ರ ಹಾಡುಗಳು ರೆಕಾರ್ಡ್ ಆಗಿ ಬಂದವು. ಸ್ಪಾನ್ಸರ್ ಬಗ್ಗೆ ಹೆಮ್ಮೆ ಪಡೋ ಅಂಥದ್ದೇನಿಲ್ಲ, ಆದ್ರೆ ಹಾಡು ಕೇಳಿ. ಎಲ್ಲಾ ಇಂಗ್ಲಿಷ್, ಆದ್ರೂ ಕಾಲೇಜು ಹುಡುಗರ ಆ ಆತುರ ಇವತ್ತೂ ಹಾಗೇ ಇದೆ.

4/7

ಅಮೆರಿಕ ಬಿಡಿ, ಬಸ್ಸು ಹತ್ತಿದ್ರೆ ಸಿಗೋ ಬೆಂಗಳೂರಿಗೆ ಬರೋಣ.

ಥರ್ಮಲ್ ಅಂಡ್ ಎ ಕ್ವಾರ್ಟರ್. 1996ರಲ್ಲಿ ಬೆಂಗಳೂರಲ್ಲಿ ಕಾಲೇಜು ಹುಡುಗರು ಶುರು ಮಾಡಿದ ಬ್ಯಾಂಡ್. ಹೆಸರೇ ಒಂದು ಜೋಕು: ಬ್ಯಾಂಡಲ್ಲಿ ಮೂರು ಜನ ಪೂರ್ತಿ ಮಲಯಾಳಿ, ಒಬ್ಬ ಕಾಲು ಭಾಗ ಮಲಯಾಳಿ. 'ಥ್ರೀ ಮಲ್ ಅಂಡ್ ಎ ಕ್ವಾರ್ಟರ್'. ಬೇಗ ಬೇಗ ಹೇಳಿ ನೋಡಿ.

ಇವರದ್ದು ಪಕ್ಕಾ ಗ್ಯಾರೇಜ್ ಅಲ್ಲ, ಬ್ಲೂಸ್ ಇದೆ, ಫಂಕ್ ಇದೆ, ಜಾಝ್ ಇದೆ. ಕೈ ತುಂಬಾ ಪಳಗಿದವರು. ಆದ್ರೂ ನಮ್ಮ ಮೂವರಿಗೆ ಇವರನ್ನ ಯಾಕೆ ಕೇಳಿಸ್ತಿದೀನಿ ಅಂದ್ರೆ, ನಾಲ್ಕು ಜನರಿಂದ ಶುರುವಾದ ಬ್ಯಾಂಡು ಮುಂದೆ ವರ್ಷಗಟ್ಟಲೆ ಮೂವರಾಗಿ ನುಡಿಸ್ತು. ಬ್ರೂಸ್ ಲೀ ಮಣಿ ಗಿಟಾರ್ ಮತ್ತು ಹಾಡು, ರಾಜೀವ್ ರಾಜಗೋಪಾಲ್ ಡ್ರಮ್ಸ್, ಪ್ರಕಾಶ್ ಕೆ.ಎನ್. ಬೇಸ್. ಕಡಿಮೆ ಜನ ಆದ್ವಿ ಅಂತ ಅವರು ಕಡಿಮೆ ಮಾಡ್ಲಿಲ್ಲ. 2012ರಲ್ಲಿ ಒಂದೇ ಸಲಕ್ಕೆ ಮೂರು ಡಿಸ್ಕಿನ ಆಲ್ಬಮ್ ತಂದ್ರು. ಹೆಸರು 'ತ್ರೀ ವೀಲ್ಸ್ ನೈನ್ ಲೈವ್ಸ್'. ಮೂರು ಚಕ್ರ ಅಂದ್ರೆ ಆಟೋ. ಬೆಂಗಳೂರನ್ನ ಆಟೋ ಒಳಗಿಂದ ನೋಡೋ ಹಾಡುಗಳು. ಅದರಲ್ಲೊಂದು ಹಾಡಿನ ಹೆಸರು ಕೇಳಿದ್ರೇ ನಗು ಬರುತ್ತೆ, 'ಮೀಟರ್ ಮೇಲೆ ಒನ್ ಅಂಡ್ ಎ ಹಾಫ್'. ರಾತ್ರಿ ಮೆಜೆಸ್ಟಿಕ್‌ನಲ್ಲಿ ನಿಂತವರಿಗೆಲ್ಲ ಈ ಸಾಲಿನ ಸಂಗೀತ ಗೊತ್ತು.

ನನ್ನ ವಾದ ಇಲ್ಲೇ ಇದೆ. ಆಟೋ ನೋಡಿ. ಮೂರೇ ಚಕ್ರ, ಅದಕ್ಕೇ ಸಂದಿಯಲ್ಲಿ ನುಗ್ಗುತ್ತೆ, ನಿಂತಲ್ಲೇ ತಿರುಗುತ್ತೆ. ಮೂರೂ ದುಡೀಲೇಬೇಕು, ಒಂದು ಪಂಕ್ಚರ್ ಆದ್ರೂ ಮುಗೀತು. ನಾಲ್ಕನೇದು ಹಾಕಿದ್ರೆ ಜಾಸ್ತಿ ಕಂಫರ್ಟು ಸರಿ, ಆದ್ರೆ ಅದು ಆಟೋ ಆಗಿರಲ್ಲ.

5/7

ಇನ್ನೂ ಹತ್ತಿರ ಬರ್ತೀನಿ. ಈ ಫೋಟೋದಲ್ಲಿರೋ ತಮಟೆ ನಮ್ಮ ಡ್ರಮ್ಮರ್ ಮನೇದು. ಅವಳ ಕೈಯಲ್ಲಿರೋ ಏಟು ಯೂಟ್ಯೂಬ್‌ನಿಂದ ಬಂದಿದ್ದಲ್ಲ.

ತಮಟೆ ನುಡಿಸೋ ಮುಂಚೆ ಬೆಂಕಿಗೆ ಹಿಡೀತಾರೆ, ನೋಡಿದೀರಲ್ವಾ? ಚರ್ಮ ಬಿಗಿಯಾಗ್ಲಿ ಅಂತ. ಬಿಗಿಯಾದ್ರೆ ಸದ್ದು ಸಿಡಿಯುತ್ತೆ, ಇಲ್ಲಾಂದ್ರೆ ಬಡಬಡ. ಒಂದು ಕೈಲಿ ದಪ್ಪ ಕೋಲು, ಇನ್ನೊಂದು ಕೈಲಿ ಸಪೂರ ಕಡ್ಡಿ. ದಪ್ಪದ್ದು ಹೆಜ್ಜೆ ಹಾಕುತ್ತೆ, ಸಪೂರದ್ದು ಮಧ್ಯದ ಜಾಗ ತುಂಬುತ್ತೆ. ಕಿಕ್ ಮತ್ತು ಹೈಹ್ಯಾಟ್ ಮಾಡೋ ಕೆಲಸವೂ ಇದೇ ತಾನೇ? ಡೇವ್ ಡೇವೀಸ್ ಸ್ಪೀಕರ್ ಸೀಳಿದ್ದೂ, ನಮ್ಮೋರು ಚರ್ಮ ಕಾಯಿಸೋದೂ ಒಂದೇ ಹುಡುಕಾಟ, ಸಾಧು ಸದ್ದು ಸಾಕಾಗ್ಲಿಲ್ಲ ಅಂತ.

ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆಗೆ! ಯಾವ ವಾದ್ಯವನ್ನ ಸಾವಿಗೆ, ಜಾತ್ರೆಗೆ ಕರೆದು, ಬಾರಿಸೋರನ್ನ ಮಾತ್ರ ದೂರ ನಿಲ್ಲಿಸ್ತಿದ್ರೋ ಆ ವಾದ್ಯಕ್ಕೆ. ಅದನ್ನೂ ಬರೀ ಗಲಾಟೆ ಅಂತ ಕರೆದವರು ಬೇಕಾದಷ್ಟು ಜನ ಇದ್ರು, ಇದ್ದಾರೆ.

ಯಾವ ಸದ್ದು ಸಂಗೀತ, ಯಾವುದು ಗಲಾಟೆ ಅನ್ನೋದನ್ನ ಕಿವಿ ಒಂದೇ ನಿರ್ಧಾರ ಮಾಡಲ್ಲ. ಯಾರು ನುಡಿಸ್ತಿದಾರೆ ಅಂತ ನೋಡ್ಕೊಂಡು ನಿರ್ಧಾರ ಮಾಡ್ತಾರೆ. ಹಾಗಾಗಿ ಖಾಲಿ ಖಾಲಿ ಅಂದೋರ ಮಾತಿಗೆ ನಮ್ಮ ಡ್ರಮ್ಮರ್ ತಲೆ ತಗ್ಗಿಸೋ ಅಗತ್ಯ ಇಲ್ಲ.

6/7

ಈ ಪೋಸ್ಟ್ ಸ್ವಲ್ಪ ಸೀರಿಯಸ್. ಸ್ಕಿಪ್ ಮಾಡ್ಬೇಡಿ.

ಗ್ಯಾರೇಜ್ ರಾಕ್‌ಗೆ ಮೊದಲು ಬೇಕಾಗಿರೋದು ಗಿಟಾರ್ ಅಲ್ಲ, ಗ್ಯಾರೇಜು. ಅಂದ್ರೆ ಜಾಗ. ಬಾಡಿಗೆ ಕೇಳದ, ತಪ್ಪು ನುಡಿಸಿದ್ರೆ ನಗದ ಒಂದು ಜಾಗ. ನಮ್ಮವರಿಗೆ ಅದು ಸಿಕ್ಕಿದ್ದು ಗಿಟಾರಿಸ್ಟ್ ತಾತನ ಹೊಲದ ಅಂಚಲ್ಲಿ.

ಈ ಹೊಲಗಳ ಕಥೆ ನಿಮಗೇ ಗೊತ್ತು. ಏರೋಸ್ಪೇಸ್ ಪಾರ್ಕ್‌ಗೆ ಅಂತ ನಮ್ಮ ಹೋಬಳಿಯ 13 ಹಳ್ಳಿಗಳ 1,777 ಎಕರೆ ಕೇಳಿದ್ರು. 2022ರ ಏಪ್ರಿಲ್ 4ರಂದು ನಮ್ಮೂರಲ್ಲಿ ಧರಣಿ ಶುರುವಾಯ್ತು. ಆಗ ನಾವು ಹೈಸ್ಕೂಲು. ಬಸ್ಸು ಇಳಿದಾಗೆಲ್ಲ ಅಲ್ಲಿ ಕೂತವರನ್ನ ನೋಡ್ಕೊಂಡೇ ದೊಡ್ಡೋರಾದ್ವಿ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡ್ತೀವಿ ಅಂದ್ರು, ಜೊತೆಗೆ ಇಷ್ಟ ಇದ್ದವರು ಕೊಡಬಹುದು ಅಂತಾನೂ ಅಂದ್ರು. ಅಲ್ಲಿಗೆ 1,198 ದಿನ. ದ್ರಾಕ್ಷಿ, ರಾಗಿ, ಹಿಪ್ಪುನೇರಳೆ ಬೆಳೆಯೋ ಜನ ಅಷ್ಟು ದಿನ ಕೂತರು ಅನ್ನೋ ಕಾರಣಕ್ಕೆ ಇವತ್ತು ಹೊಲದ ಜೊತೆ ಹೊಲದ ಅಂಚಿನ ಶೆಡ್ಡೂ ಉಳಿದಿದೆ. ಯಾರೂ ಬ್ಯಾಂಡ್‌ಗೋಸ್ಕರ ಹೋರಾಡ್ಲಿಲ್ಲ, ಸರಿ. ಆದ್ರೆ ನೆಲ ಉಳಿದ್ರೆ ಅದರ ಮೇಲೆ ಏನೇನು ಹುಟ್ಟುತ್ತೆ ಅಂತ ಯಾವ ಸರ್ವೆಯಲ್ಲೂ ಬರಿಯೋಕಾಗಲ್ಲ.

ಇನ್ನು ಸದ್ದಿನ ತಕರಾರು. ರೂಲ್ಸ್ ಪ್ರಕಾರ ಮನೆಗಳಿರೋ ಕಡೆ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಅಂದ್ರೆ 10ರಿಂದ ಬೆಳಗ್ಗೆ 6. ರೂಲ್ಸು ಇರ್ಲಿ, ಬೇಕು. ಮಗು ಮಲಗಿರೋ ಮನೆ, ಓದೋ ಮಕ್ಕಳ ಮನೆ ನಮ್ಮದೂ ಇದೆ. ಆದ್ರೆ 2008ರಿಂದ ಏರ್‌ಪೋರ್ಟ್ ಇದೆ, ತಲೆ ಮೇಲೆ ವಿಮಾನ ಹೋಗುತ್ತೆ, ಅದು ಅಭಿವೃದ್ಧಿ. ಸಂಜೆ ಆರಕ್ಕೆ ಮೂರು ಮಕ್ಕಳು ನುಡಿಸಿದ್ರೆ ನ್ಯೂಸೆನ್ಸ್. ಸ್ವಲ್ಪ ಯೋಚ್ನೆ ಮಾಡಿ.

7/7

ಈಗ ತೀರ್ಪು. ಫ್ರೆಂಡ್ಸು ಅಂತ ಬರೀ ಹೊಗಳಿದ್ರೆ ಅವರಿಗೇ ಮೋಸ. ಹಾಗಾಗಿ ಮೊದಲು ಬೈಗುಳ.

ಆಡಿಷನ್ ದಿನ ಹಾಡು ಒಂದಕ್ಷರ ಕೇಳಿಸ್ಲಿಲ್ಲ. ಎಫ್‌ಬಿಐ ಕಥೆ ತಮಾಷೆಗೆ ಸರಿ, ನಿಮಗೆ ಹೇಳೋಕೆ ಮಾತಿದೆ, ಅದು ಕೇಳಿಸ್ಬೇಕು. ಗಿಟಾರ್ ವಾಲ್ಯೂಮ್ ಎರಡು ಪಾಯಿಂಟ್ ಇಳಿಸಿ. ಬೇಸು ಪೂರ್ತಿ ಹಾಡು ಒಂದೇ ತಂತೀಲಿ ಕೂತಿತ್ತು. ಖಾಲಿ ಅನ್ನಿಸಿದ್ದು ಅದಕ್ಕೇ, ಕೀಬೋರ್ಡ್ ಇಲ್ಲ ಅಂತಲ್ಲ. ನಾಲ್ಕೂ ಹಾಡು ಒಂದೇ ಸ್ಪೀಡು. ನಿಧಾನವಾಗಿ ಒಂದು ನುಡಿಸಿ, ಆಗ ಫಾಸ್ಟ್ ಹಾಡು ಇನ್ನೂ ಫಾಸ್ಟ್ ಅನ್ಸುತ್ತೆ. ಒಂಬತ್ತಕ್ಕೆ ನಿಲ್ಲಿಸಿ. ತಗಡಿಗೆ ಒಳಗಿಂದ ಗೋಣಿಚೀಲ ಕಟ್ಟಿ, ಸದ್ದು ಗುಂಯ್ ಅನ್ನೋದು ಕಡಿಮೆಯಾಗುತ್ತೆ. ಅಕ್ಕಪಕ್ಕದ ಮನೆಯವರನ್ನ ಒಂದು ಸಂಜೆ ಕರೆದು ಟೀ ಕೊಟ್ಟು ನುಡಿಸಿ. ಬಯ್ಯೋರು ಒಂದ್ಸಲ ಒಳಗೆ ಕೂತು ಕೇಳ್ಲಿ.

ಆದ್ರೆ ಟ್ರ್ಯಾಕ್ ಹಾಕ್ಬೇಡಿ. ಟ್ರ್ಯಾಕ್ ತಪ್ಪು ಮಾಡಲ್ಲ, ನೀವು ತಪ್ಪು ಮಾಡಿದ್ರೆ ಕಾಯೋದೂ ಇಲ್ಲ. ಎರಡನೇ ಹಾಡಲ್ಲಿ ಡ್ರಮ್‌ಸ್ಟಿಕ್ ಕೈ ಜಾರಿತಲ್ಲ, ಆಗ ಬೇಸ್‌ನವನು ಅವಳ ಕಡೆ ತಿರುಗಿ ಆ ನಾಲ್ಕು ಏಟು ಒಬ್ಬನೇ ಎಳೆದ. ಅವಳು ಇನ್ನೊಂದು ಕಡ್ಡಿ ಎತ್ಕೊಂಡು ಐದನೇ ಏಟಿಗೆ ಬಂದು ಬಿದ್ಲು. ಹಾಲಲ್ಲಿ ಎಲ್ಲರೂ ಕೂಗಿದ್ದು ಆವಾಗ. ನನಗೆ ಮೈ ಜುಮ್ ಅಂದಿದ್ದೂ ಆವಾಗ. ಟ್ರ್ಯಾಕ್ ಓಡ್ತಿದ್ರೆ ಆ ಕ್ಷಣ ಇರ್ತಾನೇ ಇರ್ಲಿಲ್ಲ.

ಸಿನಿಮಾ ಹಾಡು ನುಡಿಸೋದು ಪಾಪ ಅಲ್ಲ, ಆದ್ರೆ ಅದನ್ನ ನುಡಿಸೋರು ಪ್ರತೀ ಫೆಸ್ಟಲ್ಲೂ ಇದ್ದಾರೆ. ನಮ್ಮ ಬಸ್ ಸ್ಟ್ಯಾಂಡು, ವಿಜಯಪುರದ ಗೂಡಿನ ಮಾರುಕಟ್ಟೆ, ತಲೆ ಮೇಲಿನ ವಿಮಾನ, ಇದನ್ನೆಲ್ಲ ನಾವು ಮಾತಾಡೋ ಕನ್ನಡದಲ್ಲೇ ಇಷ್ಟು ಜೋರಾಗಿ ಹಾಡೋರು ಎಷ್ಟು ಜನ ಇದ್ದಾರೆ? ಬೆಂಗಳೂರಿನವರು ಆಟೋ ಮೇಲೆ ಮೂರು ಡಿಸ್ಕು ಮಾಡಿದ್ರು. ನೀವು ಟ್ರಾಕ್ಟರ್ ಮೇಲೆ ಮೂರು ಹಾಡು ಮಾಡಿ ಸಾಕು.

ಫೆಸ್ಟಲ್ಲಿ ಸೆಲೆಕ್ಟ್ ಆಗ್ದಿದ್ರೆ? ಆಗ್ಲಿ ಬಿಡಿ. ಶನಿವಾರ ಸಂಜೆ ಐದೂವರೆಗೆ ಇದೇ ಶೆಡ್. ಕುರ್ಚಿ ಇಲ್ಲ, ಟ್ರೈಲರ್ ಮೇಲೆ ಕೂತ್ಕೊಳ್ಳಿ. ಟೀ ನನ್ನ ಲೆಕ್ಕ.

ನಾಲ್ಕನೇ ಚಕ್ರ ಬೇಕು ಅನ್ನೋರು ಕಾಮೆಂಟಲ್ಲಿ ಬನ್ನಿ, ಜಗಳಕ್ಕೆ ರೆಡಿ 🔥

#ಚನ್ನರಾಯಪಟ್ಟಣ #ದೇವನಹಳ್ಳಿತಾಲ್ಲೂಕು #ಮೂರೇಜನ #ಶೆಡ್‌ರಾಕ್ #ತಮಟೆ