ಇ20 ಪೆಟ್ರೋಲ್, ಹಳೆಯ ಸ್ಕೂಟರ್ ಮತ್ತು ಗಡಿಭಾಗದ ಶಾಲಾ ಹಾದಿ

ತೆಲಂಗಾಣದಲ್ಲಿ 2025ರ ಬೇಸಿಗೆ ರಜೆ ಏಪ್ರಿಲ್ 24ರಿಂದ ಜೂನ್ 11ರವರೆಗೆ ಇತ್ತು. ಏಳು ವಾರಗಳ ಬಳಿಕ ಜೂನ್ 12ರಂದು ಶಾಲೆಗಳ ಬಾಗಿಲು ತೆರೆಯಿತು. ಅದೇ ಹೊತ್ತಿಗೆ ಮುಂಗಾರಿನ ಮೊದಲ ಮಳೆಗಳೂ ಬೀಳತೊಡಗುತ್ತವೆ. ಮಕ್ಕಳನ್ನು ಶಾಲೆಗೆ ಬಿಟ್ಟುಬರುವುದಕ್ಕೆಂದೇ ಇರಿಸಿಕೊಂಡ ಹಳೆಯ ಸ್ಕೂಟರು ರಜೆಯುದ್ದಕ್ಕೂ ಜಗಲಿಯ ಪಕ್ಕದಲ್ಲಿ ನಿಂತಿದ್ದು, ಶಾಲೆ ತೆರೆದ ದಿನ ಎಷ್ಟು ಒದ್ದರೂ ಚಾಲೂ ಆಗುವುದಿಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ಪೋಷಕರಿಗೆ ಇದು ಹೊಸ ಅನುಭವವಲ್ಲ. ಹೊಸದೆಂದರೆ ಆ ಸ್ಕೂಟರಿನ ಟ್ಯಾಂಕಿನಲ್ಲಿರುವ ಇಂಧನ.

ಕನ್ನಡ ಮಾಧ್ಯಮದ ಕುಟುಂಬಗಳಿಗೆ ಈ ವಿಷಯ ಇತರರಿಗಿಂತ ಹೆಚ್ಚು ತಟ್ಟುತ್ತದೆ. ಕನ್ನಡ ಮಾಧ್ಯಮದ ಶಾಲೆ ಪ್ರತಿ ಊರಿನಲ್ಲಿಯೂ ಇಲ್ಲ; ಪ್ರೌಢಶಾಲೆಯಂತೂ ಇನ್ನೂ ದೂರ. ಪಕ್ಕದ ಊರಿಗೋ ಮಂಡಲ ಕೇಂದ್ರಕ್ಕೋ ಗಡಿಯಾಚೆಯ ರಾಯಚೂರಿನ ಕಡೆಗೋ ಮಕ್ಕಳು ಹೋಗಬೇಕು. ಗಾಡಿ ಕೆಟ್ಟ ದಿನ ಹಾಜರಿ ತಪ್ಪುತ್ತದೆ. ಹಾಜರಿ ಮೇಲಿಂದ ಮೇಲೆ ತಪ್ಪಿದರೆ, ಹತ್ತಿರದ ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದ ಶಾಲೆಯೇ ಸಾಕೆಂಬ ಮಾತು ಮನೆಯಲ್ಲಿ ಏಳುತ್ತದೆ. ಆದ್ದರಿಂದ ಸ್ಕೂಟರಿನ ಇಂಧನದ ಪ್ರಶ್ನೆ ನಮ್ಮ ಭಾಗದಲ್ಲಿ ಭಾಷೆಯ ಪ್ರಶ್ನೆಯೂ ಆಗಿದೆ.

ಟ್ಯಾಂಕಿನಲ್ಲಿ ಏನಿದೆ?

ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮ ನಮ್ಮ ದೇಶದಲ್ಲಿ 2003ರಲ್ಲಿ ಶೇ. 5ರ ಪ್ರಮಾಣದಿಂದ ಆರಂಭವಾಯಿತು. 2022ರ ಜೂನ್ ಹೊತ್ತಿಗೆ ಶೇ. 10ರ ಗುರಿ ಮುಟ್ಟಿತು. ಶೇ. 20ರ ಮಿಶ್ರಣಕ್ಕೆ ಮೊದಲು 2030ರ ಗಡುವು ಇತ್ತು. ಅದನ್ನು 2025-26ಕ್ಕೆ ಹಿಂದಕ್ಕೆ ತರಲಾಯಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಮಂತ್ರಿಗಳು ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದರು. 2025ರಲ್ಲಿ ಮಿಶ್ರಣ ಶೇ. 20ನ್ನು ಮುಟ್ಟಿತೆಂದು ಕೇಂದ್ರ ಸರ್ಕಾರ ಪ್ರಕಟಿಸಿತು.

ಈ ನೀತಿಗೆ ಸಮರ್ಥನೆ ಇಲ್ಲದಿಲ್ಲ. 2014-15ರಿಂದ ಈಚೆಗೆ 1.44 ಲಕ್ಷ ಕೋಟಿ ರೂಪಾಯಿಗೂ ಅಧಿಕ ವಿದೇಶಿ ವಿನಿಮಯ ಉಳಿದಿದೆಯೆಂದು ಸರ್ಕಾರ ಹೇಳುತ್ತದೆ. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಇನ್ನೊಂದು ಮಾರುಕಟ್ಟೆ ತೆರೆದಿದೆ. ಪ್ರಶ್ನೆ ಇರುವುದು ಈ ಉಳಿತಾಯದ ವೆಚ್ಚ ಯಾರ ಮೇಲೆ ಬೀಳುತ್ತದೆ ಎಂಬುದರಲ್ಲಿ.

ಪೆಟ್ರೋಲು ಪೂರ್ಣವಾಗಿ ಉರಿಯಲು, ತೂಕದ ಲೆಕ್ಕದಲ್ಲಿ, ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಪಾಲು ಸಾಕು. ಶೇ. 20 ಎಥನಾಲ್ ಬೆರೆತಾಗ ಈ ಪ್ರಮಾಣ 13.5ರ ಆಸುಪಾಸಿಗೆ ಇಳಿಯುತ್ತದೆ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಸ್ಕೂಟರುಗಳಲ್ಲಿ ಬಹುಮಟ್ಟಿಗೆ ಎಫ್‌ಐ ವ್ಯವಸ್ಥೆ ಇದೆ. ಅಲ್ಲಿ ಹೊಗೆಯ ದಾರಿಯಲ್ಲಿರುವ ಸೆನ್ಸರ್ ಗಾಳಿ-ಇಂಧನದ ಪ್ರಮಾಣವನ್ನು ನೋಡಿಕೊಂಡು ಇಂಧನವನ್ನು ತಕ್ಕಮಟ್ಟಿಗೆ ಹೆಚ್ಚು ಕಡಿಮೆ ಮಾಡಿಸುತ್ತದೆ. ಅದಕ್ಕೂ ಹಿಂದಿನ ಕಾರ್ಬೊರೇಟರ್ ಗಾಡಿಗೆ ಆ ಶಕ್ತಿಯಿಲ್ಲ. ಜೆಟ್‌ನ ರಂಧ್ರ ಎಷ್ಟು ದೊಡ್ಡದೋ ಅಷ್ಟೇ ಇಂಧನ ಇಳಿಯುತ್ತದೆ. ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾದ ಮಿಶ್ರಣವನ್ನೇ ಎಂಜಿನ್ ಸುಡಬೇಕಾಗುತ್ತದೆ. ಜಗ್ಗುವಿಕೆ, ನಿಧಾನಗತಿಯಲ್ಲಿ ಬಂದ್ ಆಗುವುದು, ಎಂಜಿನ್ ಹೆಚ್ಚು ಬಿಸಿಯಾಗುವುದು ಇವುಗಳಿಗೆ ಇದೂ ಒಂದು ಕಾರಣ.

ಎರಡನೆಯದು ನೀರು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ನೀರು ಇಂಧನದಲ್ಲಿ ಕರಗಿಯೇ ಇರುತ್ತದೆ. ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಕೂಡಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಕಾರ್ಬೊರೇಟರಿಗೆ ಇಂಧನ ಹೋಗುವುದು ಆ ತಳದಿಂದಲೇ. ಮೂರನೆಯದು, ಎಥನಾಲ್ ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆಯನ್ನು ಸಡಿಲಿಸಿ ತರುತ್ತದೆ, ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ.

ಲಕ್ಷಣ ನೋಡಿ ಕಾರಣ ತಿಳಿಯುವುದು

ಹಾಗೆಂದು ಗಾಡಿಯ ಪ್ರತಿ ತೊಂದರೆಯನ್ನೂ ಎಥನಾಲಿನ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ನಮ್ಮ ಬೇಸಿಗೆಯ ಧೂಳು ಏರ್ ಫಿಲ್ಟರನ್ನು ಮುಚ್ಚುತ್ತದೆ. ಪ್ಲಗ್ ಹಳತಾಗಿರುತ್ತದೆ. ಎಥನಾಲ್ ಇಲ್ಲದ ಕಾಲದಲ್ಲಿಯೂ ವಾರಗಟ್ಟಲೆ ನಿಂತ ಪೆಟ್ರೋಲು ಜಿಗಟಾಗಿ ಜೆಟ್ ಕಟ್ಟುತ್ತಿತ್ತು. ಕಾರಣ ತಿಳಿಯದೆ ಕಾರ್ಬೊರೇಟರನ್ನೇ ಬದಲಿಸಿ ಸಾವಿರಾರು ರೂಪಾಯಿ ತೆರುವ ಮುನ್ನ ಲಕ್ಷಣಗಳನ್ನು ಗಮನಿಸುವುದು ಮೇಲು.

ರಜೆಯ ನಂತರ ಗಾಡಿ ಚೋಕ್ ಎಳೆದಾಗ ಮಾತ್ರ ಓಡಿ, ಚೋಕ್ ಬಿಟ್ಟೊಡನೆ ನಿಂತುಹೋದರೆ, ಬಹುತೇಕ ಪೈಲಟ್ ಜೆಟ್ ಕಟ್ಟಿಕೊಂಡಿದೆ ಎಂದರ್ಥ. ಕಾರ್ಬೊರೇಟರನ್ನು ಬಿಚ್ಚಿ ತೊಳೆದು ಗಾಳಿ ಹೊಡೆಸಿದರೆ ಸರಿಹೋಗುವ ಕೆಲಸವಿದು. ಜೆಟ್‌ನ ರಂಧ್ರಕ್ಕೆ ಸೂಜಿ ಅಥವಾ ತಂತಿ ಹಾಕಬಾರದು. ರಂಧ್ರ ಅಗಲವಾದರೆ ಗಾಡಿ ಹೆಚ್ಚು ಪೆಟ್ರೋಲು ಕುಡಿಯತೊಡಗುತ್ತದೆ.

ನಿಧಾನವಾಗಿ ಚೆನ್ನಾಗಿ ಓಡಿ, ವೇಗ ಹೆಚ್ಚಿಸಿದಾಗ ಜಗ್ಗಿದರೆ ಪೆಟ್ರೋಲ್ ಫಿಲ್ಟರ್, ಪೈಪ್ ಮತ್ತು ಮೇನ್ ಜೆಟ್‌ಗಳನ್ನು ನೋಡಬೇಕು. ಗಾಡಿ ನಿಲ್ಲಿಸಿದಾಗ ಕೆಳಗಿನ ಸಣ್ಣ ಪೈಪಿನಿಂದ ಪೆಟ್ರೋಲು ತೊಟ್ಟಿಕ್ಕಿದರೆ ಫ್ಲೋಟ್ ಸೂಜಿಯ ರಬ್ಬರ್ ತುದಿ ಸವೆದಿದೆ ಅಥವಾ ಉಬ್ಬಿದೆ, ಇಲ್ಲವೇ ಅಲ್ಲಿ ಕಸ ಸಿಕ್ಕಿದೆ. ಮಳೆಯ ಮಾರನೆಯ ದಿನ ಗಾಡಿ ಕೈಕೊಟ್ಟರೆ ಕಾರ್ಬೊರೇಟರಿನ ತಳದ ತಿರುಪನ್ನು ಸಡಿಲಿಸಿ ಇಳಿದ ಇಂಧನವನ್ನು ಗಾಜಿನ ಸೀಸೆಯಲ್ಲಿ ಹಿಡಿದು ಸ್ವಲ್ಪ ಹೊತ್ತು ಇಡಬೇಕು. ಎರಡು ಪದರ ಕಂಡರೆ ನೀರು ಸೇರಿದೆ ಎಂಬುದರಲ್ಲಿ ಸಂಶಯವಿಲ್ಲ. ಆಗ ಟ್ಯಾಂಕನ್ನೂ ಖಾಲಿ ಮಾಡಿಸಬೇಕು. ಈ ಕೆಲಸ ಎಂಜಿನ್ ತಣ್ಣಗಿದ್ದಾಗ, ಬಯಲಿನಲ್ಲಿ, ಬೆಂಕಿಯಿಂದ ದೂರ, ಮಕ್ಕಳು ಹತ್ತಿರ ಇಲ್ಲದಾಗ ಮಾತ್ರ ನಡೆಯಬೇಕು.

ಪ್ಲಗ್ ಬಿಚ್ಚಿದಾಗ ತುದಿ ಬಿಳಿಚಿಕೊಂಡಿದ್ದರೆ ಇಂಧನ ಕಡಿಮೆ ಬೀಳುತ್ತಿದೆ. ಮಸಿಯಂತೆ ಕಪ್ಪಾಗಿದ್ದರೆ ಹೆಚ್ಚು ಬೀಳುತ್ತಿದೆ ಅಥವಾ ಏರ್ ಫಿಲ್ಟರ್ ಮುಚ್ಚಿದೆ. ಟ್ಯೂನಿಂಗ್ ಬದಲಿಸುವಾಗ ಮೆಕ್ಯಾನಿಕ್ ಈ ಗುರುತನ್ನು ನೋಡಿದರೋ ಇಲ್ಲವೋ ಎಂದು ಕೇಳುವ ಹಕ್ಕು ಹಣ ಕೊಡುವವರಿಗೆ ಇದೆ.

ತಡೆಯುವ ದಾರಿ ಇನ್ನೂ ಸುಲಭ. ರಜೆಯಲ್ಲಿಯೂ ವಾರಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಗಾಡಿ ಓಡಿಸಬೇಕು. ಮಳೆಗಾಲದಲ್ಲಿ ಟ್ಯಾಂಕ್ ಬರಿದಾಗಲು ಬಿಡಬಾರದು. ಖಾಲಿ ಜಾಗದ ತೇವಾಂಶವೇ ನೀರಾಗುತ್ತದೆ, ತುಕ್ಕಾಗುತ್ತದೆ. ಮುಚ್ಚಳದ ವಾಷರ್ ಬಿರಿದಿದ್ದರೆ ಬದಲಿಸಬೇಕು. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗಗಳು ಮತ್ತು ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ.

ಮನೆಯ ಲೆಕ್ಕ

ನೀತಿ ಆಯೋಗದ 2021ರ ವರದಿ, ಎಥನಾಲ್ ಇಲ್ಲದ ಪೆಟ್ರೋಲಿಗೆಂದು ರೂಪಿಸಿ ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಇ20 ಬಳಸಿದರೆ ಶೇ. 3ರಿಂದ 4ರಷ್ಟು ಮೈಲೇಜ್ ಕುಸಿಯುತ್ತದೆ ಎಂದಿತು. ತಿಂಗಳಿಗೆ 1,000 ಕಿ.ಮೀ. ಓಡುವ, ಲೀಟರಿಗೆ 40 ಕಿ.ಮೀ. ಕೊಡುವ ಗಾಡಿಯನ್ನು ತೆಗೆದುಕೊಳ್ಳೋಣ. ಮೊದಲು 25 ಲೀಟರ್ ಬೇಕಿತ್ತು; ಶೇ. 4 ಕುಸಿದರೆ 26 ಲೀಟರ್ ಬೇಕು. ಹೈದರಾಬಾದಿನ 2025ರ ದರ ಲೀಟರಿಗೆ 107 ರೂಪಾಯಿಯ ಮೇಲಿತ್ತು. ಅಂದರೆ ತಿಂಗಳಿಗೆ ನೂರಕ್ಕೂ ಹೆಚ್ಚು, ಹತ್ತು ತಿಂಗಳ ಶಾಲಾ ವರ್ಷಕ್ಕೆ ಸಾವಿರದ ಮೇಲೆ. ಹಳೆಯ ಗಾಡಿಯ ರಿಪೇರಿ ಇದಕ್ಕೆ ಹೊರತು. ದೊಡ್ಡ ಮೊತ್ತವಲ್ಲ, ಆದರೆ ಕೂಲಿಯ ಮನೆಗೆ ಅದು ನೋಟ್‌ಬುಕ್ಕುಗಳ ಮತ್ತು ಚಪ್ಪಲಿಯ ಹಣ.

ಗಡಿ ದಾಟಿ ಪೆಟ್ರೋಲು ಹಾಕಿಸುವ ರೂಢಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೆಲಂಗಾಣ ಪೆಟ್ರೋಲಿನ ಮೇಲೆ ಶೇ. 35.20 ವ್ಯಾಟ್ ವಿಧಿಸುತ್ತದೆ; ಕರ್ನಾಟಕ 2024ರ ಜೂನ್‌ನಲ್ಲಿ ತನ್ನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿದ ಮೇಲೂ ಅಲ್ಲಿ ದರ ಕಡಿಮೆಯೇ. ಲೀಟರಿಗೆ ನಾಲ್ಕು ರೂಪಾಯಿ ಉಳಿದರೆ ಐದು ಲೀಟರಿನ ಟ್ಯಾಂಕಿಗೆ ಉಳಿಯುವುದು ಇಪ್ಪತ್ತು ರೂಪಾಯಿ. ಅದಕ್ಕಾಗಿಯೇ 15 ಕಿ.ಮೀ. ಹೋಗಿ ಬಂದರೆ ಮುಕ್ಕಾಲು ಲೀಟರ್, ಅಂದರೆ ಎಪ್ಪತ್ತೈದು ರೂಪಾಯಿಗೂ ಹೆಚ್ಚು ಸುಟ್ಟಿರುತ್ತದೆ. ಬೇರೆ ಕೆಲಸಕ್ಕೆ ಹೋದಾಗ ಹಾಕಿಸಿಕೊಳ್ಳುವುದು ಸರಿ. ಡಬ್ಬಿಯಲ್ಲಿ ತಂದು ಮನೆಯಲ್ಲಿ ಕೂಡಿಡುವುದು ಬೆಂಕಿಗೆ ಆಹ್ವಾನ. ಅಲ್ಲದೆ ಕೂಡಿಟ್ಟ ಎಥನಾಲ್ ಮಿಶ್ರಣ ನೀರು ಕುಡಿದು ಕೆಡುತ್ತದೆ. ಇ20 ಮಿಶ್ರಣವಂತೂ ಗಡಿಯ ಎರಡೂ ಬದಿಯಲ್ಲಿ ಒಂದೇ.

ಎರಡು ತುದಿಗಳ ಹೊರೆ

ನಮ್ಮ ಭಾಗಕ್ಕೆ ಎಥನಾಲ್ ಬರಿಯ ಬಂಕಿನ ಸಂಗತಿಯಲ್ಲ. ನಾರಾಯಣಪೇಟೆ ಜಿಲ್ಲೆಯ ಮರಿಕಲ್ ಮಂಡಲದ ಚಿತ್ತನೂರಿನಲ್ಲಿ ಎಥನಾಲ್ ಕಾರ್ಖಾನೆ ಇದೆ. ಅದರ ತ್ಯಾಜ್ಯದಿಂದ ಹಳ್ಳದ ನೀರು ಕೆಟ್ಟಿದೆ, ದುರ್ವಾಸನೆ ತಾಳಲಾಗದು ಎಂದು ಸುತ್ತಲಿನ ಗ್ರಾಮಸ್ಥರು ದೂರಿದರು. 2023ರ ಅಕ್ಟೋಬರ್‌ನಲ್ಲಿ ಪ್ರತಿಭಟನೆ ಪೊಲೀಸರೊಂದಿಗಿನ ಘರ್ಷಣೆಯಾಗಿ ತಿರುಗಿತು. ಜೋಗುಳಾಂಬ ಗದ್ವಾಲ ಜಿಲ್ಲೆಯ ರಾಜೋಳಿ ಮಂಡಲದ ಪೆದ್ದ ಧನ್ವಾಡದಲ್ಲಿ ಇನ್ನೊಂದು ಕಾರ್ಖಾನೆಯ ವಿರುದ್ಧ 2025ರ ಜೂನ್‌ನಲ್ಲಿ ರೈತರು ಬೀದಿಗಿಳಿದರು. ಬಂಧಿತ ರೈತರಿಗೆ ಕೋಳ ತೊಡಿಸಿ ನ್ಯಾಯಾಲಯಕ್ಕೆ ತಂದದ್ದು ರಾಜ್ಯದಾದ್ಯಂತ ಚರ್ಚೆಯಾಯಿತು. ಡಿಸ್ಟಿಲರಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅತಿ ಮಾಲಿನ್ಯಕಾರಕ 17 ಉದ್ಯಮ ವರ್ಗಗಳ ಪಟ್ಟಿಯಲ್ಲಿವೆ. ಗ್ರಾಮಸ್ಥರ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕಲಾಗದು.

ಹೀಗೆ ಎಥನಾಲ್ ತಯಾರಾಗುವ ತುದಿಯಲ್ಲಿ ನಮ್ಮ ನೀರು, ಉರಿಯುವ ತುದಿಯಲ್ಲಿ ನಮ್ಮ ಗಾಡಿ. ನಡುವಿನ ಉಳಿತಾಯ ಮಾತ್ರ ನಮ್ಮ ಕೈಗೆ ಬಂದಿಲ್ಲ. ಇಂಥ ಇಂಧನದ ದರ ಸಾಮಾನ್ಯ ಪೆಟ್ರೋಲಿಗಿಂತ ಕಡಿಮೆ ಇರಬೇಕೆಂದು ನೀತಿ ಆಯೋಗದ ವರದಿಯೇ ಹೇಳಿತ್ತು. ಹಳೆಯ ವಾಹನಗಳ ರಕ್ಷಣೆಗಾಗಿ ಇ10 ಪೆಟ್ರೋಲು 2025ರವರೆಗೆ ದೊರೆಯುತ್ತಿರಬೇಕೆಂದೂ ಹೇಳಿತ್ತು. 2025ರಲ್ಲಿ ಎಥನಾಲಿನ ಖರೀದಿ ಬೆಲೆಯೇ ಲೀಟರಿಗೆ ಸರಾಸರಿ 71.32 ರೂಪಾಯಿಗೆ ಏರಿದ್ದು, ಅದು ಪೆಟ್ರೋಲಿಗಿಂತ ಅಗ್ಗವಲ್ಲವೆಂಬುದು ಸರ್ಕಾರದ ಉತ್ತರವಾಗಿತ್ತು. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಲಿ, ಬಂಕಿನಲ್ಲಿ ಮಿಶ್ರಣದ ಪ್ರಮಾಣವನ್ನು ಸ್ಪಷ್ಟವಾಗಿ ಬರೆಯಲಿ ಎಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು.

ನ್ಯಾಯಾಲಯದ ಬಾಗಿಲು ಮುಚ್ಚಿದರೂ ಆಡಳಿತದ ಬಾಗಿಲು ಮುಚ್ಚಿಲ್ಲ. ಗದ್ವಾಲ ಮತ್ತು ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಗಡಿ ಸರಿಯಿತು, ಜನ ಸರಿಯಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಶಾಲೆಗೆ ತಲಪುವ ದಾರಿಯಿಲ್ಲದೆ ಆ ಸೌಲಭ್ಯ ಪೂರ್ಣವಾಗದು. ತೆಲಂಗಾಣದಲ್ಲಿ 2023ರ ಡಿಸೆಂಬರ್ 9ರಿಂದ ಮಹಿಳೆಯರಿಗೆ ಮತ್ತು ಬಾಲಕಿಯರಿಗೆ ಆರ್‌ಟಿಸಿ ಪ್ರಯಾಣ ಉಚಿತ. ಆದರೆ ಶಾಲೆಯ ಗಂಟೆಗೆ ಹೊಂದುವ ಬಸ್ಸು ಬಂದಾಗ ಮಾತ್ರ ಉಚಿತ ಟಿಕೆಟ್ಟಿಗೆ ಬೆಲೆ.

ಶಾಲಾ ನಿರ್ವಹಣಾ ಸಮಿತಿಗಳು, ಗ್ರಾಮ ಪಂಚಾಯಿತಿಗಳು ಕೇಳಬೇಕಾದದ್ದು ಇಷ್ಟು. ಕನ್ನಡ ಶಾಲೆಗಳಿರುವ ಮಾರ್ಗಗಳಲ್ಲಿ ಶಾಲೆಯ ವೇಳೆಗೆ ಬಸ್ಸು. ಗಡಿ ಮಂಡಲಗಳ ಬಂಕುಗಳಲ್ಲಿ ಮಿಶ್ರಣದ ಪ್ರಮಾಣ ಮತ್ತು ಹಳೆಯ ವಾಹನಗಳ ಎಚ್ಚರಿಕೆಗಳನ್ನು ತೆಲುಗಿನ ಜೊತೆಗೆ ಕನ್ನಡದಲ್ಲಿಯೂ ಬರೆದ ಫಲಕ. ಹಳೆಯ ಗಾಡಿಗಳು ಓಡುವವರೆಗೆ ಇ10 ದೊರೆಯುವ ವ್ಯವಸ್ಥೆ. ಎಥನಾಲ್ ಕಾರ್ಖಾನೆಗಳ ಸುತ್ತಲಿನ ನೀರಿನ ಪರೀಕ್ಷೆಯ ಫಲಿತಾಂಶ ಪಂಚಾಯಿತಿ ಕಚೇರಿಯಲ್ಲಿ ಬಹಿರಂಗ. ಸದ್ಯಕ್ಕೆ ಪ್ರತಿಯೊಬ್ಬ ಗ್ರಾಹಕರೂ ಬಂಕಿನಲ್ಲಿ ಐದು ಲೀಟರಿನ ಅಳತೆ ಪರೀಕ್ಷೆಯನ್ನೂ ಫಿಲ್ಟರ್ ಕಾಗದದ ಪರೀಕ್ಷೆಯನ್ನೂ ಕೇಳಬಹುದು, ಸಂಶಯ ಬಂದರೆ ದೂರಿನ ಪುಸ್ತಕದಲ್ಲಿ ಬರೆಯಬಹುದು. ಕನ್ನಡದಲ್ಲಿಯೇ ಬರೆಯಲಿ.

ಜೆಟ್ ಕಟ್ಟಿದರೆ ಮೆಕ್ಯಾನಿಕ್ ಬಿಡಿಸುತ್ತಾರೆ, ವಾಷರ್ ಹೋದರೆ ನಾವೇ ಬದಲಿಸಬಲ್ಲೆವು. ಬಸ್ಸು, ಫಲಕ, ನೀರಿನ ವರದಿ ಇವು ಒಬ್ಬ ಪೋಷಕರ ಕೈಯಲ್ಲಿ ಆಗುವಂಥವಲ್ಲ. ಊರಿನ ಎಲ್ಲ ಪೋಷಕರೂ ಸಹಿ ಹಾಕಿದ ಒಂದು ಮನವಿ ಮಂಡಲ ಕಚೇರಿಗೆ ತಲಪಬೇಕು. ಅದು ಮುಂದಿನ ಬೇಸಿಗೆ ರಜೆಗೆ ಮುಂಚೆಯೇ ಆಗಲಿ.